ಎದೆಯುರಿ, ಹುಳಿತೇಗು: ಗುಳಿಗೆಗಿಂತ ಮೊದಲು ಗಡಿಯಾರ ನೋಡೋಣ



ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾವು ಕಾಳುಮೆಣಸಿನ ಬಳ್ಳಿಯ ಸೊರಗು ರೋಗದ ಕುರಿತು ಬರೆದಿದ್ದೆವು. ಈ ಸಲ ಬಳ್ಳಿಯನ್ನು ಬಿಟ್ಟು, ಬಳ್ಳಿ ನೆಟ್ಟವರ ಹೊಟ್ಟೆಯ ವಿಚಾರಕ್ಕೆ ಬರೋಣ. ಅಂಗಳದಲ್ಲಿ ಅಡಿಕೆ ಒಣಗುತ್ತಿರುವ ಈ ತಿಂಗಳುಗಳಲ್ಲಿ ಮನೆಭೇಟಿಗೆ ಹೋದಲ್ಲೆಲ್ಲ ನಮ್ಮ ಕಿವಿಗೆ ಬೀಳುವ ಮಾತು ಒಂದೇ: "ಫಾದರ್, ಗ್ಯಾಸಿನ ಉಪದ್ರ. ರಾತ್ರಿ ನಿದ್ರೆಯಿಲ್ಲ."

ಈ "ಗ್ಯಾಸ್" ಎಂಬ ಒಂದೇ ಶಬ್ದದೊಳಗೆ ನಮ್ಮ ಜನ ನಾಲ್ಕೈದು ಕಾಯಿಲೆಗಳನ್ನು ತುಂಬಿಸಿ ಇಟ್ಟಿದ್ದಾರೆ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್, ಹುಳಿತೇಗು ಬಂದರೂ ಗ್ಯಾಸ್, ಎದೆ ಉರಿದರೂ ಗ್ಯಾಸ್, ಬೆನ್ನಿಗೆ ಚಳುಕು ಹಿಡಿದರೂ ಗ್ಯಾಸ್. ಇವುಗಳಲ್ಲಿ ನಾವು ಇಂದು ಎತ್ತಿಕೊಳ್ಳುವುದು ಒಂದನ್ನು ಮಾತ್ರ. ಉಂಡ ಬಳಿಕ, ಬಗ್ಗಿದಾಗ ಅಥವಾ ಮಲಗಿದಾಗ ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಎದೆಯ ನಡುಭಾಗದಲ್ಲಿ ಉರಿಯುವುದು, ಬಾಯಿಗೆ ಹುಳಿನೀರು ಅಥವಾ ಕಹಿನೀರು ಬರುವುದು, ಕೆಲವರಿಗೆ ರಾತ್ರಿ ಒಣಕೆಮ್ಮು, ಬೆಳಿಗ್ಗೆ ಸ್ವರ ಒಡೆಯುವುದು. ಇದು ಅಪರೂಪಕ್ಕೊಮ್ಮೆ ಎಲ್ಲರಿಗೂ ಆಗುತ್ತದೆ. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಆಗತೊಡಗಿದರೆ ಅದನ್ನು ಕಾಯಿಲೆಯೆಂದೇ ಎಣಿಸಬೇಕು.

ಕಟ್ಟದ ಹಲಗೆ

ನಮ್ಮ ಜಠರದಲ್ಲಿ ಆಹಾರ ಅರಗಿಸಲು ಹೈಡ್ರೋಕ್ಲೋರಿಕ್ ಆಮ್ಲ ಊರುತ್ತದೆ. ಅದು ಬಹಳ ತೀಕ್ಷ್ಣ. ಆದರೆ ಜಠರದ ಒಳಗೋಡೆಗೆ ಲೋಳೆಯ ಲೇಪವಿರುವುದರಿಂದ ಅದಕ್ಕೆ ಸುಡುವುದಿಲ್ಲ. ಬಾಯಿಯಿಂದ ಜಠರಕ್ಕೆ ಇಳಿಯುವ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಆದುದರಿಂದ ಇವೆರಡರ ನಡುವೆ ಸ್ನಾಯುವಿನ ಒಂದು ಬಳೆ ಇದೆ. ತುತ್ತು ಕೆಳಗಿಳಿಯುವಾಗ ಅದು ತೆರೆಯುತ್ತದೆ, ಇಳಿದ ಬಳಿಕ ಬಿಗಿಯುತ್ತದೆ.

ನಮ್ಮ ಕೃಷಿಕರಿಗೆ ಇದನ್ನು ತೋಡಿನ ಕಟ್ಟದ ಹೋಲಿಕೆಯಿಂದ ಹೇಳಿದರೆ ಬೇಗ ತಿಳಿದೀತು. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡ ಹಲಗೆ ಹಾಕಿ ನೀರು ನಿಲ್ಲಿಸುತ್ತೇವಲ್ಲ? ಹಲಗೆಯ ಸಂದು ಸಡಿಲವಾದರೆ ನೀರು ಸೋರುತ್ತದೆ. ಹಲಗೆ ಗಟ್ಟಿಯಾಗಿದ್ದರೂ ನೀರು ಮಿತಿಮೀರಿ ಏರಿದರೆ ಮೇಲಿನಿಂದ ಹರಿಯುತ್ತದೆ. ಹೊಟ್ಟೆಯಲ್ಲೂ ಹಾಗೆಯೇ. ಎಣ್ಣೆ ಕೊಬ್ಬಿನ ಪದಾರ್ಥ, ಹೊಗೆಸೊಪ್ಪು, ಮದ್ಯ ಇವು ಹಲಗೆಯನ್ನು ಸಡಿಲಿಸುತ್ತವೆ. ಒಂದೇ ಹೊತ್ತಿಗೆ ಕಂಠಮಟ್ಟ ಉಂಡರೆ ನೀರು ಏರಿದ ಹಾಗೆ. ಉಂಡು ಕೂಡಲೇ ಮಲಗಿದರೆ ಕಟ್ಟವನ್ನೇ ಅಡ್ಡ ಮಲಗಿಸಿದ ಹಾಗೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. "ನನಗೆ ಆಮ್ಲ ಜಾಸ್ತಿ" ಎಂದು ಹೇಳಿಕೊಳ್ಳುವ ಹೆಚ್ಚಿನವರಲ್ಲಿ ಆಮ್ಲ ಇರಬೇಕಾದಷ್ಟೇ ಇರುತ್ತದೆ. ಅದು ಇರಬಾರದ ಜಾಗಕ್ಕೆ ಬಂದದ್ದೇ ತೊಂದರೆ. ಇದನ್ನು ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಏಕೆಂದರೆ ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿಗಿಂತ ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ, ಉಂಡು ಏನು ಮಾಡುತ್ತೇವೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಜಠರದ ಹುಣ್ಣು, ಅಂದರೆ ಅಲ್ಸರ್, ಇದಕ್ಕಿಂತ ಬೇರೆ ಕಾಯಿಲೆ. ಅದಕ್ಕೆ ಖಾರ ಮತ್ತು ಚಿಂತೆಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರು 1980ರ ದಶಕದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವೇ ಹೆಚ್ಚಿನ ಹುಣ್ಣುಗಳಿಗೆ ಮೂಲವೆಂದು ತೋರಿಸಿಕೊಟ್ಟರು. 1984ರಲ್ಲಿ ಮಾರ್ಷಲ್ ಆ ಸೂಕ್ಷ್ಮಾಣುವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಹುಣ್ಣಿಗೆ ಹೆಚ್ಚಾಗಿ ಮದ್ದೇ ಸಾಕು. ಹುಳಿ ಮೇಲೇರುವ ಕಾಯಿಲೆಗೆ ಮಾತ್ರ ಮನೆಯ ಕ್ರಮವೇ ಬದಲಾಗಬೇಕು.

ಎದೆಯಲ್ಲಿ ಆದದ್ದೆಲ್ಲ ಗ್ಯಾಸ್ ಅಲ್ಲ

ಊಟದ ವಿಷಯಕ್ಕೆ ಹೋಗುವ ಮೊದಲು ಇದನ್ನು ಹೇಳಿಬಿಡುತ್ತೇವೆ, ಏಕೆಂದರೆ ಇದರಲ್ಲಿ ತಡಮಾಡಿದರೆ ಜೀವಕ್ಕೇ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ನಡುರಾತ್ರಿ ಎದೆನೋವು ಬಂದವರಿಗೆ ಮೊದಲು ಸಿಗುವುದು ಜೀರಿಗೆ ಕಷಾಯ. ಅದು ಆಗದಿದ್ದರೆ ಲಿಂಬೆ ಸೋಡಾ. ಅದೂ ಆಗದಿದ್ದರೆ ಬೆನ್ನಿಗೆ ಎಣ್ಣೆ ತಿಕ್ಕುವುದು. ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಹೃದಯಾಘಾತವಾಗಿದ್ದರೆ ಆ ಎರಡು ಗಂಟೆಗಳೇ ಅಮೂಲ್ಯ.

ಎದೆಯ ಮೇಲೆ ಭಾರ ಇಟ್ಟಂತೆ ಅಥವಾ ಹಿಂಡಿದಂತೆ ನೋವು, ತಣ್ಣನೆಯ ಬೆವರು, ನೋವು ಎಡತೋಳಿಗೆ, ದವಡೆಗೆ ಅಥವಾ ಬೆನ್ನಿಗೆ ಹರಿಯುವುದು, ಉಸಿರು ಕಟ್ಟುವುದು, ಗುಡ್ಡೆ ಹತ್ತುವಾಗ ಬಂದು ಕುಳಿತರೆ ಕಡಿಮೆಯಾಗುವುದು, ಇವು ಹೃದಯದ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತವು ಬರೇ ಹೊಟ್ಟೆ ತೊಳಸಿದಂತೆ, ಸುಸ್ತಾದಂತೆ ಬರುವುದೂ ಉಂಟು. ಸಂಶಯ ಬಂದರೆ ಕಷಾಯಕ್ಕೆ ಒಲೆ ಹಚ್ಚದೆ 108ಕ್ಕೆ ಕರೆ ಮಾಡಿರಿ, ಇಲ್ಲವೇ ನೆರೆಯವರ ವಾಹನ ಹೊರಡಿಸಿರಿ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು "ಬರೇ ಗ್ಯಾಸ್" ಎಂದರೆ ದೇವರಿಗೆ ಸ್ತೋತ್ರ ಹೇಳಿ ಹಿಂದೆ ಬರಬಹುದು, ನಾಚಿಕೆಪಡಬೇಕಾದುದಿಲ್ಲ. ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿರುವ ನಮಗೆ, ದಾರಿಯ ಒಂದೊಂದು ಗಂಟೆಯ ಬೆಲೆ ಏನೆಂಬುದು 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದ್ದಾಗ ಚೆನ್ನಾಗಿ ತಿಳಿದಿದೆ.

ಇನ್ನು ಕೆಲವು ಲಕ್ಷಣಗಳು ಅಷ್ಟು ತುರ್ತಿನದಲ್ಲ, ಆದರೆ ತಿಂಗಳುಗಟ್ಟಲೆ ಮುಂದೂಡುವಂಥದ್ದೂ ಅಲ್ಲ. ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಮೊದಲು ಗಟ್ಟಿ ಅನ್ನ, ಆಮೇಲೆ ಗಂಜಿಯೂ ಇಳಿಯಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಪದೇ ಪದೇ ವಾಂತಿ, ಐವತ್ತು ದಾಟಿದವರಿಗೆ ಹೊಸದಾಗಿ ಎದೆಯುರಿ ಶುರುವಾಗುವುದು. ಇಂಥವರು ಎಂಡೋಸ್ಕೋಪಿ ಮಾಡಿಸಿಕೊಳ್ಳಲೇಬೇಕು. ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಳಿಗೆ ನುಂಗಿಸುತ್ತಾರೆಂದು ಹೆದರಿ ವರ್ಷ ಕಳೆಯುವವರಿದ್ದಾರೆ. ಆ ಪರೀಕ್ಷೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ನಮ್ಮ ಮನೆಗಳ ಗಡಿಯಾರ

ಈಗ ನಮ್ಮ ಒಂದು ಸಾಮಾನ್ಯ ಕೃಷಿಕ ಮನೆಯ ದಿನಚರಿಯನ್ನು ನೋಡೋಣ. ಬೆಳಿಗ್ಗೆ ಐದೂವರೆಗೆ ಒಂದು ಲೋಟ ಕಪ್ಪು ಚಹಾ. ಹಟ್ಟಿಯ ಕೆಲಸ, ಹಾಲು ಡೈರಿಗೆ, ಪಂಪು ಹಾಕಿ ತೋಟಕ್ಕೆ ನೀರು. ತಿಂಡಿ ಎಂಟೂವರೆಗೋ ಒಂಬತ್ತಕ್ಕೋ. ಮಧ್ಯಾಹ್ನ ಒಂದೂವರೆಗೆ ಹೊಟ್ಟೆ ತುಂಬ ಊಟ, ಅರ್ಧ ಗಂಟೆ ಚಾಪೆಯ ಮೇಲೆ ಅಡ್ಡ. ಎದ್ದು ತೋಟಕ್ಕೆ ಹೋಗಿ ಬಿದ್ದ ಅಡಿಕೆ ಹೆಕ್ಕುವುದು, ಹುಲ್ಲು ಕೊಯ್ಯುವುದು, ಅಂದರೆ ತುಂಬಿದ ಹೊಟ್ಟೆಯಲ್ಲಿ ಎರಡು ತಾಸು ಬಗ್ಗಿಯೇ ಕೆಲಸ. ಸಂಜೆ ನಾಲ್ಕಕ್ಕೆ ಚಹಾದ ಜೊತೆ ಕರಿದ ತಿಂಡಿ. ಏಳೂವರೆಗೆ ಜಪಮಾಲೆ. ಬಳಿಕ ಅಡಿಕೆ ಸುಲಿಯಲು ಕುಳಿತರೆ ಹತ್ತು ಗಂಟೆ, ಕೆಲವೊಮ್ಮೆ ಹನ್ನೊಂದು. ಆಮೇಲೆ ದಿನದ ಅತಿ ದೊಡ್ಡ ಊಟ, ಊಟವಾಗಿ ಹತ್ತು ನಿಮಿಷಕ್ಕೆ ನಿದ್ರೆ.

ಗಟ್ಟಿ ಆಹಾರ ಜಠರದಿಂದ ಕೆಳಗಿಳಿಯಲು ಸುಮಾರು ಮೂರರಿಂದ ನಾಲ್ಕು ಗಂಟೆ ಬೇಕು, ಎಣ್ಣೆ ಕೊಬ್ಬು ಹೆಚ್ಚಿದ್ದರೆ ಇನ್ನೂ ತಡ. ಹತ್ತೂಮುಕ್ಕಾಲಿಗೆ ಉಂಡು ಹನ್ನೊಂದಕ್ಕೆ ಮಲಗಿದವರಿಗೆ ರಾತ್ರಿ ಎರಡರವರೆಗೆ ಹೊಟ್ಟೆ ತುಂಬಿಯೇ ಇರುತ್ತದೆ. ಎದ್ದು ಕುಳಿತಿದ್ದರೆ ಹುಳಿ ತನ್ನ ಭಾರದಿಂದಲೇ ಕೆಳಗೆ ನಿಲ್ಲುತ್ತಿತ್ತು. ಅನ್ನನಾಳಕ್ಕೆ ಬಂದ ಸ್ವಲ್ಪವನ್ನು ನಾವು ನುಂಗುವ ಉಗುಳು ತೊಳೆದು ಇಳಿಸುತ್ತಿತ್ತು. ನಿದ್ರೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಕಡಿಮೆ. ಆದ್ದರಿಂದ ರಾತ್ರಿ ಮೇಲೇರಿದ ಹುಳಿ ಹೆಚ್ಚು ಹೊತ್ತು ನಿಂತು ಹೆಚ್ಚು ಸುಡುತ್ತದೆ.

ಇನ್ನು ಮನೆಯ ಹೆಂಗಸರ ಸಂಗತಿ. ಗಂಡಸರಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಬಡಿಸಿ, ನಾಯಿಗೂ ಹಾಕಿ ಕಟ್ಟಕಡೆಗೆ ಉಣ್ಣುವವರು ಅವರು. ಉಳಿದ ಸಾರನ್ನು ಚೆಲ್ಲಬಾರದೆಂದು ಬೇಡದಿದ್ದರೂ ಅನ್ನಕ್ಕೆ ಸುರಿದುಕೊಂಡು ಉಣ್ಣುತ್ತಾರೆ. ಪಾತ್ರೆ ತೊಳೆಯಲು ಬಗ್ಗುತ್ತಾರೆ, ಕೂಡಲೇ ಮಲಗುತ್ತಾರೆ. ಎದೆಯುರಿಗೆ ಬೇಕಾದ ಎಲ್ಲ ಕಾರಣಗಳೂ ಅವರಲ್ಲಿ ಒಟ್ಟಾಗುತ್ತವೆ. ಬಸುರಿ ಹೆಂಗಸರಿಗಂತೂ ಗರ್ಭ ಮೇಲಕ್ಕೆ ಒತ್ತುವುದರಿಂದಲೂ ದೇಹದ ಹಾರ್ಮೋನುಗಳಿಂದ ಆ ಬಳೆ ಸಡಿಲವಾಗುವುದರಿಂದಲೂ ಈ ಉಪದ್ರ ದುಪ್ಪಟ್ಟು. ಒಬ್ಬರ ಎದೆಯುರಿಗೆ ಮನೆಯವರೆಲ್ಲರ ಗಡಿಯಾರ ಬದಲಾಗಬೇಕು ಎಂದು ನಾವು ಹೇಳುವುದು ಇದಕ್ಕಾಗಿಯೇ. ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಅಡುಗೆ ಮಾಡಿದವರಿಗೂ ಎಂಟಕ್ಕೇ ಊಟವಾಗುತ್ತದೆ.

"ಅಡಿಕೆ ಸುಲಿಯುವುದು ಯಾವಾಗ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಲಿಯುವ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ, ಊಟವನ್ನು ಅದರ ಮುಂದಕ್ಕೆ ತರಬೇಕು. ಏಳೂವರೆಗೋ ಎಂಟಕ್ಕೋ ಹದವಾದ ಊಟ, ಆಮೇಲೆ ಅಂಗಳದಲ್ಲಿ ಹತ್ತು ನಿಮಿಷ ತಿರುಗಾಟ, ಬಳಿಕ ಸುಲಿಯಲು ಕೂರುವುದು. ಹತ್ತೂವರೆಗೆ ಏಳುವಾಗ ಹೊಟ್ಟೆ ಬಹುಪಾಲು ಹಗುರವಾಗಿರುತ್ತದೆ. ಕೂರುವಾಗ ನೆಲಕ್ಕೆ ಕುಕ್ಕುರುಗಾಲಲ್ಲಿ ಬಾಗುವ ಬದಲು ಎತ್ತರದ ಮಣೆಯಾದರೆ ಹೊಟ್ಟೆಗೂ ಒಳ್ಳೆಯದು, ಸೊಂಟಕ್ಕೂ ಒಳ್ಳೆಯದು. ನಡುವೆ ಹಸಿವಾದರೆ ಎರಡು ಒಣ ರಸ್ಕು, ಅರ್ಧ ಲೋಟ ಬೆಚ್ಚನೆಯ ನೀರು ಸಾಕು. ನಮ್ಮ ಒಂದು ವಾಳೆಯ ಎರಡು ಮೂರು ಮನೆಗಳು ಹೀಗೆ ಮಾಡತೊಡಗಿವೆ. ಮೊದಲ ವಾರ ರಾತ್ರಿ ಹಸಿದಂತಾಗುತ್ತದೆ, ಆಮೇಲೆ ರೂಢಿಯಾಗುತ್ತದೆ ಎಂದು ಅವರು ಹೇಳುತ್ತಾರೆ.

ಮಧ್ಯಾಹ್ನದ ಕೆಲಸವನ್ನೂ ಸ್ವಲ್ಪ ಹಿಂದೆ ಮುಂದೆ ಮಾಡಬಹುದು. ಬಗ್ಗಿ ಮಾಡುವ ಕೆಲಸ, ಅಂದರೆ ಅಡಿಕೆ ಹೆಕ್ಕುವುದು, ಬುಡ ಬಿಡಿಸುವುದು, ಹುಲ್ಲು ಕೊಯ್ಯುವುದು ಬೆಳಗಿನ ಹೊತ್ತಿಗಿರಲಿ. ಊಟದ ನಂತರ ನಿಂತು ಮಾಡುವ ಕೆಲಸ, ಅಂಗಳದ ಅಡಿಕೆ ಮಗುಚುವುದು, ಪೈಪು ಬದಲಿಸುವುದು, ಬಳ್ಳಿ ಕಟ್ಟುವುದು ಇರಲಿ. ಮಧ್ಯಾಹ್ನ ಅಡ್ಡಾಗಲೇಬೇಕೆಂಬವರು ಒರಗುಕುರ್ಚಿಯಲ್ಲಿ ಒರಗಲಿ.

ಮಲಗುವ ಕ್ರಮದ ಬಗ್ಗೆ ಎರಡು ಮಾತು. ತಲೆಗೆ ಮೂರು ದಿಂಬು ಇಟ್ಟುಕೊಂಡರೆ ಆಗುವುದಿಲ್ಲ. ಅದರಿಂದ ಕುತ್ತಿಗೆ ಬಾಗಿ ಹೊಟ್ಟೆ ಇನ್ನಷ್ಟು ಮಡಚುತ್ತದೆ. ಮಂಚದ ತಲೆಯ ಕಡೆಯ ಎರಡು ಕಾಲುಗಳ ಅಡಿಗೆ ಮರದ ತುಂಡು ಅಥವಾ ಇಟ್ಟಿಗೆ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿರಿ. ಕಾಲು ಜಾರದಂತೆ ನೋಡಿಕೊಳ್ಳಿರಿ. ಎಡಮಗ್ಗುಲಿಗೆ ಮಲಗಿದರೆ ಹುಳಿ ಮೇಲೇರುವುದು ಕಡಿಮೆ, ಬಲಮಗ್ಗುಲಿಗೆ ಹೆಚ್ಚು. ಜಠರ ದೇಹದಲ್ಲಿ ಕುಳಿತಿರುವ ರೀತಿಯೇ ಅದಕ್ಕೆ ಕಾರಣ. ಮುಂಡಿನ ಮೇಲೆ ಬಿಗಿಯುವ ಬೆಲ್ಟು, ಸೀರೆಯೊಳಗಿನ ಲಂಗದ ಲಾಡಿ, ಇವನ್ನು ಒಂದು ಬೆರಳು ಹೋಗುವಷ್ಟು ಸಡಿಲಿಸಿರಿ. ಹೊಟ್ಟೆ ಬೆಳೆದವರು ಮೂರು ನಾಲ್ಕು ಕಿಲೋ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ. ಯಂತ್ರದ ದೋಟಿ, ಬೈಕು, ಜೀಪು ಬಂದ ಮೇಲೆ ನಮ್ಮ ಕೃಷಿಕರಲ್ಲೂ ಹೊಟ್ಟೆ ಕಾಣತೊಡಗಿದೆ ಎಂಬುದನ್ನು ಬೇಸರಿಸದೆ ಒಪ್ಪಿಕೊಳ್ಳಬೇಕು.

ಬಟ್ಟಲಿಗೆ ಏನು ಬೀಳಬೇಕು

ನಮ್ಮ ಕುಚ್ಚಲಕ್ಕಿ ಗಂಜಿಗೆ ಸಮನಾದ ಆಹಾರ ಎದೆಯುರಿಯವರಿಗೆ ಇನ್ನೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಎಣ್ಣೆಯಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಆದರೂ "ಗಂಜಿ ಉಂಡರೂ ಉರಿಯುತ್ತದೆ" ಎಂಬ ದೂರು ಇದೆ. ತಪ್ಪು ಗಂಜಿಯದಲ್ಲ. ಒಂದು, ದೊಡ್ಡ ಬಟ್ಟಲು ತುಂಬ ನೀರುಗಂಜಿ ಸುರಿದುಕೊಂಡರೆ ಹೊಟ್ಟೆ ಕಟ್ಟದ ಮೇಲಂಚಿಗೆ ಬಂದಿರುತ್ತದೆ. ಎರಡು, ಗಂಜಿಯ ಬದಿಗೆ ಬರುವ ವ್ಯಂಜನ. ಗಾಂಧಾರಿ ಮೆಣಸು ನುರಿದ ಚಟ್ನಿ, ಎಣ್ಣೆಯಲ್ಲಿ ಹೊರಿದ ಒಣಮೀನು, ಮಾವಿನ ಮಿಡಿ ಉಪ್ಪಿನಕಾಯಿ! ರಾತ್ರಿ ಗಟ್ಟಿಗಂಜಿಯನ್ನು ಅರ್ಧ ಬಟ್ಟಲಿಗೆ ಇಳಿಸಿ, ಜೊತೆಗೆ ಬೇಯಿಸಿದ ಹೆಸರು ಕಾಳಿನ ಪಲ್ಯ, ಹರಿವೆ ಸೊಪ್ಪು, ಬಾಳೆದಿಂಡು, ತೊಂಡೆಕಾಯಿ ಯಾವುದಾದರೂ ಒಂದಿದ್ದರೆ ಅದು ಪೂರ್ಣ ಊಟ.

ಖಾರವನ್ನು ಪೂರ್ತಿ ಬಿಡಿ ಎಂದರೆ ನಮ್ಮವರು ಕೇಳಲಿಕ್ಕಿಲ್ಲ, ಬಿಡಬೇಕಾಗಿಯೂ ಇಲ್ಲ. ಮೆಣಸಿನ ಖಾರ ಹುಳಿಯನ್ನು ಹೆಚ್ಚಿಸುವುದಕ್ಕಿಂತ, ಮೊದಲೇ ಸುಟ್ಟ ಅನ್ನನಾಳವನ್ನು ಕೆಣಕುತ್ತದೆ. ಖಾರದ ಮೆಣಸನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ಬ್ಯಾಡಗಿ ಹಾಕಿದರೆ ಸಾರಿನ ಬಣ್ಣವೂ ಉಳಿಯುತ್ತದೆ, ಉರಿಯೂ ತಗ್ಗುತ್ತದೆ. ಬೂತಾಯಿ, ಬಂಗುಡೆ ಒಳ್ಳೆಯ ಮೀನುಗಳು. ಅವನ್ನು ಕಾವಲಿಯಲ್ಲಿ ಎಣ್ಣೆ ಸುರಿದು ಹೊರಿಯುವ ಬದಲು ಮಣ್ಣಿನ ಗಡಿಗೆಯಲ್ಲಿ ತೆಳು ಗಸಿ ಮಾಡಿದರೆ ಒಳಿತು. ತೆಂಗಿನಕಾಯಿಯಲ್ಲೂ ಕೊಬ್ಬಿದೆ ಎಂಬುದನ್ನು ನಾವು ಮರೆಯುತ್ತೇವೆ. ಸಾರಿಗೆ ಅರೆಯುವ ಕಾಯಿಯನ್ನು ರಾತ್ರಿಯ ಅಡುಗೆಯಲ್ಲಾದರೂ ಅರ್ಧ ಮಾಡಬಹುದು. ಹಂದಿ ಮಾಂಸ, ಕೋಳಿರೊಟ್ಟಿ ಹಬ್ಬದ ದಿನ ಮಧ್ಯಾಹ್ನದ ಊಟಕ್ಕಿರಲಿ. ಮದುವೆಯ ರೋಸಿನಂಥ ರಾತ್ರಿಯ ಸಮಾರಂಭಗಳಲ್ಲಿ ಹತ್ತು ಗಂಟೆಗೆ ಬಡಿಸುವ ಔತಣವೇ ಮರುದಿನದ ಎದೆಯುರಿಗೆ ದೊಡ್ಡ ಕಾರಣ. ಔತಣ ಮಾಡುವವರು ಎಂಟಕ್ಕೇ ಬಡಿಸಲಿ ಎಂದು ಗುರ್ಕಾರರ ಸಭೆಯಲ್ಲಿ ನಾವು ಹೇಳಿದ್ದೇವೆ. ನೋಡೋಣ.

ಹಲಸಿನ ಕಾಲದಲ್ಲಿ ಮುಳ್ಕಕ್ಕಿಂತ ಗಟ್ಟಿ ಲೇಸು, ಏಕೆಂದರೆ ಎಲೆಯಲ್ಲಿ ಬೇಯಿಸಿದ್ದಕ್ಕೆ ಎಣ್ಣೆಯಿಲ್ಲ. ಅದೂ ಸಂಜೆ ನಾಲ್ಕಕ್ಕೆ ತಿನ್ನುವುದು, ರಾತ್ರಿ ಹತ್ತಕ್ಕಲ್ಲ. ಮಜ್ಜಿಗೆ ತೆಳ್ಳಗೆ, ಹುಳಿಯಾಗದೆ ಇರಲಿ. ಹಾಲು ಕುಡಿದರೆ ಆ ಗಳಿಗೆಗೆ ತಂಪೆನಿಸುತ್ತದೆ, ಆದರೆ ಹಾಲು ಕೂಡ ಜಠರದಲ್ಲಿ ಆಮ್ಲ ಊರುವಂತೆ ಮಾಡುತ್ತದೆ. ಆದುದರಿಂದ ಮಲಗುವ ಮುಂಚಿನ ದೊಡ್ಡ ಲೋಟ ಹಾಲು ಮದ್ದಲ್ಲ. ಪುನರ್ಪುಳಿ ಸಾರು ಪಿತ್ತಕ್ಕೆ ಒಳ್ಳೆಯದೆಂದು ನಮ್ಮ ಹಿರಿಯರ ನಂಬಿಕೆ. ಅದು ಹಲವರಿಗೆ ಹಿಡಿಸುತ್ತದೆ. ಆದರೆ ಅದೂ ಹುಳಿಯೇ. ಖಾಲಿ ಹೊಟ್ಟೆಯಲ್ಲಿ ಕುಡಿದು ಉರಿದರೆ ಹಿರಿಯರ ಮಾತೆಂದು ಹಟ ಹಿಡಿಯಬಾರದು. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟು ಮಿಠಾಯಿ ತಂಪೆನಿಸಿದರೂ ಆ ಬಳೆಯನ್ನು ಸಡಿಲಿಸುವಂಥದ್ದು. ಗೋಳಿ ಸೋಡಾದಿಂದ ತೇಗು ಬಂದು ಹಾಯೆನಿಸುತ್ತದೆ, ಆ ತೇಗಿನ ಜೊತೆಯಲ್ಲೇ ಹುಳಿಯೂ ಮೇಲೆ ಬರುತ್ತದೆ. ಅಡುಗೆ ಸೋಡಾ ಪುಡಿಯನ್ನು ನೀರಿಗೆ ಕದಡಿ ದಿನನಿತ್ಯ ಕುಡಿಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರಲ್ಲಿರುವ ಸೋಡಿಯಂ ರಕ್ತದೊತ್ತಡದವರಿಗೆ ಹಾನಿಕರ.

ಚಹಾ, ಕಾಫಿ ಒಬ್ಬೊಬ್ಬರಿಗೆ ಒಂದೊಂದು ಥರ. ಬರಿ ಹೊಟ್ಟೆಯ ಕಪ್ಪು ಚಹಾದ ಜೊತೆ ಒಂದು ತುಂಡು ರೊಟ್ಟಿಯನ್ನೋ ಬಾಳೆಹಣ್ಣನ್ನೋ ತಿಂದು ನೋಡಿರಿ. ಎಷ್ಟೋ ಜನರಿಗೆ ಇದೊಂದೇ ಸಾಕಾಗುತ್ತದೆ.

ಕೃಷಿಯ ಅಂಕಣವಾದ್ದರಿಂದ ಹಿತ್ತಿಲ ಮಾತನ್ನೂ ಸೇರಿಸುತ್ತೇವೆ. ಹೊಟ್ಟೆಗೆ ಹಿತವಾದ ತರಕಾರಿಗಳು ಪೇಟೆಯಿಂದ ಬರುವಂಥವಲ್ಲ. ಬಚ್ಚಲ ನೀರು ಹರಿಯುವಲ್ಲಿ ಒಂದು ಬಸಳೆ ಚಪ್ಪರ, ಹರಿವೆಗೆ ನಾಲ್ಕು ಸಾಲು (ಬಿತ್ತಿದ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ), ಬೇಲಿಗೆ ತೊಂಡೆ. ಬೇಸಿಗೆಯ ಗದ್ದೆಯಲ್ಲಿ ಬೆಳೆದ ಸೌತೆಯನ್ನು ಹಿಂದೆ ಅಟ್ಟದ ಅಡ್ಡಕ್ಕೆ ಕಟ್ಟಿ ಮಳೆಗಾಲಕ್ಕೆ ಉಳಿಸುತ್ತಿದ್ದರು. ಬೂದುಕುಂಬಳವೂ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಗದ್ದೆಗಳೆಲ್ಲ ಅಡಿಕೆ ತೋಟಗಳಾದ ಮೇಲೆ ಈ ತರಕಾರಿಗಳಿಗೂ ಅಂಗಡಿಯನ್ನೇ ನೋಡುವಂತಾಗಿದೆ, ಟೊಮೆಟೊ ಹುಳಿಯೇ ಎಲ್ಲ ಸಾರುಗಳಿಗೂ ಆಧಾರವಾಗಿದೆ.

ಎಲೆ ಅಡಿಕೆ ಮತ್ತು ಲೋಟ

ಇದನ್ನು ಬರೆಯುವಾಗ ನಮಗೆ ತುಸು ಸಂಕೋಚವಾಗುತ್ತದೆ. ನಮ್ಮ ಧರ್ಮಕೇಂದ್ರದ ಹೆಚ್ಚಿನ ಮನೆಗಳ ಒಲೆ ಉರಿಯುವುದು ಅಡಿಕೆಯಿಂದ, ಇಗರ್ಜಿಯ ಮಾಡಿಗೆ ಹಂಚು ಬಂದದ್ದೂ ಅಡಿಕೆಯಿಂದ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಬರೇ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಾಯಿಯ ಕ್ಯಾನ್ಸರ್ ಅದರಲ್ಲಿ ಮುಖ್ಯವಾದುದು. ಈ ತೀರ್ಮಾನದ ಕುರಿತು ಬೆಳೆಗಾರರಲ್ಲಿ ಅಸಮಾಧಾನವಿದೆ, ಅದು ನಮಗೂ ಗೊತ್ತು. ಎದೆಯುರಿಯ ಮಟ್ಟಿಗೆ ಹೇಳುವುದಾದರೆ, ಹೊಗೆಸೊಪ್ಪಿನ ನಿಕೋಟಿನ್ ಆ ಸ್ನಾಯುವಿನ ಬಳೆಯನ್ನು ಸಡಿಲಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಬೀಡಿಯೂ ಅಷ್ಟೇ. ಊಟವಾದ ಕೂಡಲೇ ಹೊಗೆಸೊಪ್ಪು ಹಾಕಿದ ಬೀಡ ಜಗಿದು ಮಲಗುವವರು ಕಟ್ಟ ತುಂಬಿರುವಾಗಲೇ ಹಲಗೆ ಎತ್ತಿದಂತೆ. ಅನ್ನನಾಳದ ಕ್ಯಾನ್ಸರಿಗೂ ಹೊಗೆಸೊಪ್ಪು ಮತ್ತು ಮದ್ಯ ಪ್ರಧಾನ ಕಾರಣಗಳು, ಎರಡೂ ಜೊತೆಗಿದ್ದರೆ ಅಪಾಯ ಹಲವು ಪಾಲು ಹೆಚ್ಚು.

ಮದ್ಯದ ಮಾತು ಬಂದಾಗ, ಸಂತ ಪೌಲರು ತಿಮೊಥೇಯನಿಗೆ ಹೊಟ್ಟೆಯ ನಿಮಿತ್ತ ಸ್ವಲ್ಪ ದ್ರಾಕ್ಷಾರಸ ಸೇವಿಸುವಂತೆ ಬರೆದದ್ದನ್ನು ನಮಗೆ ನೆನಪಿಸುವ ಚಾಣಾಕ್ಷರು ಕೆಲವರಿದ್ದಾರೆ. ಪೌಲರು ಹೇಳಿದ್ದು ಸ್ವಲ್ಪ, ಮತ್ತು ಬ್ರಾಂದಿಯಲ್ಲ. ರಾತ್ರಿಯ ಎದೆಯುರಿ ಇರುವವರಿಗೆ ಮಲಗುವ ಮೊದಲಿನ ಒಂದು ಪೆಗ್ಗು, ಜೊತೆಗೆ ಕರಿದ ಕೋಳಿ, ಇದಕ್ಕಿಂತ ಕೆಟ್ಟ ಜೋಡಿ ಇನ್ನಿಲ್ಲ.

ಉಪವಾಸದ ಬಗ್ಗೆಯೂ ಪ್ರಶ್ನೆ ಬರುತ್ತದೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸವು 18 ತುಂಬಿದವರಿಂದ 60ನೇ ವರ್ಷಕ್ಕೆ ಕಾಲಿಡುವವರೆಗಿನವರಿಗೆ. ಕಾಯಿಲೆಯವರಿಗೆ ವಿನಾಯಿತಿ ಇದೆ. ದಿನವಿಡೀ ಕಪ್ಪು ಕಾಫಿಯಲ್ಲೇ ಇದ್ದು ರಾತ್ರಿ ಒಮ್ಮೆಲೆ ಉಣ್ಣುವ ಉಪವಾಸ ಎದೆಯುರಿಯವರಿಗೆ ಸಲ್ಲದು. ಅವರು ಬೇರೊಂದು ತ್ಯಾಗವನ್ನು ಆರಿಸಿಕೊಳ್ಳಲಿ.

ಗುಳಿಗೆಗಳ ಸಂಗತಿ

ಮೊದಲು, ಎದೆಯುರಿ ತರುವ ಗುಳಿಗೆಗಳು. ಮಳೆಗಾಲದಲ್ಲಿ ಇಲಿಜ್ವರದ ಭಯದಿಂದ ಕೆಸರಿನಲ್ಲಿ, ತೋಡಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಅದನ್ನು ತೆಗೆದುಕೊಳ್ಳಲೇಬೇಕು, ಇಲಿಜ್ವರ ಪ್ರಾಣಾಂತಿಕ. ಆದರೆ ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಆ ಗುಳಿಗೆ ಅನ್ನನಾಳದಲ್ಲೇ ಅಂಟಿ ಕರಗಿ ಹುಣ್ಣು ಮಾಡುತ್ತದೆ, ಮರುದಿನ ಉಗುಳು ನುಂಗಿದರೂ ನೋವು. ಊಟದ ನಂತರ, ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಕಡಿಮೆಯೆಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಮಲಗದೆ ಇರಬೇಕು. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಠರದಲ್ಲಿ ಹುಣ್ಣು ಮಾಡಿ ರಕ್ತಸ್ರಾವಕ್ಕೂ ಕಾರಣವಾಗಬಲ್ಲವು. ಅಮ್ಲೋಡಿಪಿನ್‌ನಂಥ ಕೆಲವು ರಕ್ತದೊತ್ತಡದ ಮದ್ದುಗಳೂ ಆ ಬಳೆಯನ್ನು ಸಡಿಲಿಸಬಹುದು. ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿರಿ.

ಎದೆಯುರಿಗೆ ಕೊಡುವ ಗುಳಿಗೆಗಳಲ್ಲಿ ಬಹುಕಾಲ ಎಲ್ಲರ ಮನೆಯಲ್ಲಿದ್ದದ್ದು ರಾನಿಟಿಡಿನ್. ಅದರಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಷ ಕಂಡುಬಂದುದರಿಂದ 2020ರಲ್ಲಿ ಅಮೆರಿಕದಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿದರು. ನಮ್ಮ ದೇಶದಲ್ಲಿ 2022ರಲ್ಲಿ ಅದನ್ನು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟರು. ಈಗ ಹೆಚ್ಚಾಗಿ ಬರೆಯುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎಂಬಂಥವನ್ನು. ಒಳ್ಳೆಯ ಮದ್ದುಗಳೇ, ಆದರೆ ಉಂಡು ಉರಿ ಬಂದ ಮೇಲೆ ನುಂಗಿದರೆ ಅರ್ಧ ಪ್ರಯೋಜನವೂ ಇಲ್ಲ. ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಪರಮಪ್ರಸಾದದ ಉಪವಾಸ ಮುರಿಯುತ್ತದೆಂದು ಭಾನುವಾರ ಗುಳಿಗೆ ಬಿಡುವವರಿದ್ದಾರೆ. ಮದ್ದು ಮತ್ತು ನೀರಿನಿಂದ ಆ ಉಪವಾಸ ಮುರಿಯುವುದಿಲ್ಲ, ನಿಶ್ಚಿಂತೆಯಿಂದ ತೆಗೆದುಕೊಂಡು ಪೂಜೆಗೆ ಬನ್ನಿರಿ.

ಸಾಮಾನ್ಯವಾಗಿ ವೈದ್ಯರು ನಾಲ್ಕರಿಂದ ಎಂಟು ವಾರಗಳಿಗೆ ಬರೆಯುತ್ತಾರೆ. ನಮ್ಮವರು ಹಳೆಯ ಚೀಟಿಯನ್ನೇ ತೋರಿಸಿ ನಾಲ್ಕು ವರ್ಷ ಕೊಳ್ಳುತ್ತಾರೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ-12 ಮತ್ತು ಮೆಗ್ನೀಷಿಯಂ ಕೊರತೆಯಾಗುವ ಸಂಭವವಿದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಹುಳಿ ಮೊದಲಿಗಿಂತ ಹೆಚ್ಚು ಊರುತ್ತದೆ. ಆಗ "ಗುಳಿಗೆಯಿಲ್ಲದೆ ಆಗುವುದೇ ಇಲ್ಲ" ಎಂದು ಮತ್ತೆ ಶುರುಮಾಡುತ್ತಾರೆ. ಇಂಥವರು ವೈದ್ಯರನ್ನು ಕೇಳಿ ಹಂತಹಂತವಾಗಿ ಕಡಿಮೆ ಮಾಡಬೇಕು. ಅನ್ನನಾಳ ತೀವ್ರವಾಗಿ ಸುಟ್ಟವರಿಗೆ, ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವ ಕೆಲವರಿಗೆ ಇದು ದೀರ್ಘಕಾಲ ಬೇಕಾಗುತ್ತದೆ. ಅಂಥವರು ಈ ಲೇಖನ ಓದಿ ಮದ್ದು ನಿಲ್ಲಿಸಬಾರದು.

ಇನ್ನು, ಒಂದು ಚಿಕ್ಕ ಕೆಲಸ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಎರಡು ವಾರ ನಾಲ್ಕು ವಿಷಯ ಬರೆದಿಡಿ. ರಾತ್ರಿ ಉಂಡ ಗಂಟೆ, ಮಲಗಿದ ಗಂಟೆ, ಬಟ್ಟಲಲ್ಲಿ ಇದ್ದದ್ದು, ಉರಿ ಬಂತೋ ಇಲ್ಲವೋ. ಮೊದಲ ವಾರ ಏನನ್ನೂ ಬದಲಿಸಬೇಡಿ. ಎರಡನೆಯ ವಾರ ಊಟ ಮತ್ತು ನಿದ್ರೆಯ ನಡುವೆ ಮೂರು ಗಂಟೆ ಬಿಡಿ. ಅಕ್ಷರ ಬಾರದ ಹಿರಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಎರಡು ವಾರಗಳನ್ನೂ ಹೋಲಿಸಿ ನೋಡಿದಾಗ ನಿಮಗೆ ಆಗದ ಪದಾರ್ಥ ಯಾವುದು, ಆಗದ ಹೊತ್ತು ಯಾವುದು ಎಂಬುದು ಅಲ್ಲೇ ಕಾಣುತ್ತದೆ. ಒಬ್ಬರಿಗೆ ಅದು ಈರುಳ್ಳಿ ಇರಬಹುದು, ಇನ್ನೊಬ್ಬರಿಗೆ ಉದ್ದಿನ ದೋಸೆ, ಮತ್ತೊಬ್ಬರಿಗೆ ಏನೂ ಅಲ್ಲದೆ ಬರೇ ಹತ್ತು ಗಂಟೆಯ ಊಟ. ಆಮೇಲೂ ಉರಿ ನಿಲ್ಲದಿದ್ದರೆ ಅದೇ ಪುಸ್ತಕವನ್ನು ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿರಿ.